ಭಾನುವಾರದ ಓದು, ಸೋಮವಾರದ ಬಾಳು

ಶ್ರೀಮಠದ ಉಚಿತ ಪ್ರಸಾದನಿಲಯದಲ್ಲಿದ್ದು ವಿದ್ಯಾಭ್ಯಾಸ ಮಾಡಿದ ನನ್ನಂಥವರಿಗೆ ಬೆಳಗಿನ ಸಾಮೂಹಿಕ ಪ್ರಾರ್ಥನೆಯ ನೆನಪು ಎಂದಿಗೂ ಮಾಸುವಂಥದಲ್ಲ. ಇನ್ನೂ ಕತ್ತಲಿರುವಾಗಲೇ ಗಂಟೆಯಾಗುತ್ತಿದ್ದಿತು. ತಣ್ಣೀರಿನಲ್ಲಿ ಮಿಂದು, ಹಣೆಯ ತುಂಬ ವಿಭೂತಿ ಧರಿಸಿ, ಸಾಲುಸಾಲಾಗಿ ಕುಳಿತು ಹುಡುಗರೆಲ್ಲರೂ ಒಕ್ಕೊರಲಿನಿಂದ ವಚನಗಳನ್ನು ಹೇಳುತ್ತಿದ್ದೆವು. ನಿಲಯವನ್ನು ಬಿಟ್ಟು ಹೊರಡುವ ಹೊತ್ತಿಗೆ ನನಗೆ ನೂರಾರು ವಚನಗಳು ಕಂಠಪಾಠವಾಗಿದ್ದುವು. ಆ ಸಂಪತ್ತನ್ನು ಹೊತ್ತು ನಾನು ಉಪಾಧ್ಯಾಯನಾದೆನು. ಮದುವೆ, ಗೃಹಪ್ರವೇಶ, ಶಿವಾನುಭವಗೋಷ್ಠಿಗಳಲ್ಲಿ ಸಮಯೋಚಿತವಾಗಿ ವಚನ ಹೇಳಬಲ್ಲವನೆಂಬ ಹೆಸರನ್ನೂ ಪಡೆದೆನು. ಆದರೆ ನಾನು ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಳ್ಳಲು ನನಗೆ ನಲವತ್ತೆರಡು ವರ್ಷ ವಯಸ್ಸಾಗಬೇಕಾಯಿತು. ಕೇಳಿಸಿಕೊಳ್ಳುವುದನ್ನು ಕಲಿಸಿದವರು ಕ್ರೈಸ್ತಧರ್ಮೀಯರಾದ ನನ್ನ ಒಬ್ಬ ಸಹೋದ್ಯೋಗಿ ಮಿತ್ರರು. ಆ ಋಣವನ್ನು ಶ್ರೀಮಠದ ಸದ್ಭಕ್ತರ ಹಾಗೂ ನನ್ನ ಹಳೆಯ ಒಡನಾಡಿಗಳ ಮುಂದೆ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ನನ್ನ ಊರು ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ. ತರೀಕೆರೆಯಿಂದ ಕಲ್ಲತ್ತಿಗಿರಿಗೂ ಕೆಮ್ಮಣ್ಣುಗುಂಡಿಗೂ ಹೋಗುವ ಪ್ರವಾಸಿಗರು ನಮ್ಮೂರನ್ನು ಹಾದು ಹೋಗುತ್ತಾರೆ. ಊರಿನ ಸುತ್ತ ಅಡಿಕೆ, ತೆಂಗು, ಬಾಳೆ. ಬೆಟ್ಟದ ಇಳಿಜಾರು ಮೊದಲಾದೊಡನೆಯೇ ಕಾಫಿ. ತಲೆಯೆತ್ತಿದರೆ ಬಾಬಾಬುಡನ್ ಬೆಟ್ಟದ ಸಾಲು. ದತ್ತಾತ್ರೇಯನೆಂದು ಹಿಂದೂಗಳೂ ಬಾಬಾ ಎಂದು ಮುಸಲ್ಮಾನರೂ ಶತಮಾನಗಳಿಂದ ನಡೆದುಕೊಂಡು ಬಂದ ಗಿರಿಯ ನೆರಳಿನಲ್ಲಿ ಹುಟ್ಟಿದವನಿಗೆ ಇನ್ನೊಬ್ಬರ ಧರ್ಮದ ಮಾತು ಕಿವಿಗೆ ಬೀಳುವುದು ಹೊಸದಲ್ಲ. ಕಿವಿಗೆ ಬಿದ್ದುದು ಒಳಗೆ ಇಳಿಯುವುದು ಬೇರೆ ಮಾತು.

ಮಿತ್ರರು ಹಾಸನದ ಕಡೆಯವರು; ಶೆಟ್ಟಿಹಳ್ಳಿಯ ಆಸುಪಾಸಿನ ಒಂದು ಒಕ್ಕಲು ಮನೆತನದಿಂದ ಬಂದವರು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಮೇಲೆ ಊರು ತೆರವಾಯಿತು. ಚರ್ಚು ಮಳೆಗಾಲದಲ್ಲಿ ಹಿನ್ನೀರಿನೊಳಗೆ ಅರ್ಧ ಮುಳುಗುತ್ತದೆ, ಬೇಸಗೆಯಲ್ಲಿ ಚಾವಣಿಯಿಲ್ಲದ ಗೋಡೆಗಳೊಡನೆ ಮೇಲೇಳುತ್ತದೆ. ತಮಗೆ ದೀಕ್ಷಾಸ್ನಾನವಾದ ಆ ದೇವಾಲಯದ ಮಾತು ಬಂದಾಗ ಮಿತ್ರರು ಹೆಚ್ಚು ದುಃಖ ಪಡುತ್ತಿರಲಿಲ್ಲ. ‘ಗೋಡೆ ನೀರು ಪಾಲಾಯಿತು ಸಾರ್, ಅಲ್ಲಿ ಕೇಳಿದ್ದು ನನ್ನ ಜತೆ ತರೀಕೆರೆ ಬಸ್ಸು ಹತ್ತಿತು’ ಎನ್ನುತ್ತಿದ್ದರು. ಸ್ಥಾವರ ಜಂಗಮಗಳ ವಿಚಾರವಾಗಿ ಭಾಷಣ ಮಾಡಿ ಅಭ್ಯಾಸವಿದ್ದ ನನಗೆ ಆ ಮಾತು ಬಹಳ ಹಿಡಿಸಿದ್ದಿತು. ನನ್ನ ಭಾಷಣದಲ್ಲಿ ಅದನ್ನು ಒಂದೆರಡು ಸಲ ಬಳಸಿಕೊಂಡದ್ದೂ ಉಂಟು.

ನಾವಿಬ್ಬರೂ 1980ರ ದಶಕದಲ್ಲಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಕನ್ನಡ, ಅವರು ಗಣಿತ. ಭಾನುವಾರ ಅವರು ಬಸ್ಸು ಹಿಡಿದು ಪಟ್ಟಣಕ್ಕೆ ಬಲಿಪೂಜೆಗೆ ಹೋಗಿಬರುವರು. ಸೋಮವಾರ ಬೆಳಿಗ್ಗೆ ಶಾಲೆಯ ಹೊಂಗೆಯ ಮರದ ಕೆಳಗೆ ಪ್ರಾರ್ಥನೆಯ ಗಂಟೆಗಾಗಿ ಕಾಯುತ್ತ ನಿಂತಾಗ ನಾನು, ‘ನಿನ್ನೆ ಏನು ಓದಿದರು ಮೇಷ್ಟ್ರೇ?’ ಎಂದು ಕೇಳುವೆನು. ಮೊದಲು ಅದು ಬರಿಯ ಲೋಕಾಭಿರಾಮವಾಗಿದ್ದಿತು, ಬರಬರುತ್ತ ವಾಡಿಕೆಯಾಯಿತು. ಅವರು ಭಾನುವಾರ ಓದಿದ ಶುಭಸಂದೇಶದ ಭಾಗವನ್ನು ಐದಾರು ವಾಕ್ಯಗಳಲ್ಲಿ ಹೇಳಿ ಸುಮ್ಮನಾಗುವರು. ಅದರ ಮೇಲೆ ವ್ಯಾಖ್ಯಾನ ಮಾಡುತ್ತಿರಲಿಲ್ಲ.

ಅವರ ಓದಿನ ಕ್ರಮವನ್ನು ಇಲ್ಲಿ ತುಸು ವಿವರಿಸಬೇಕು. ಕಥೋಲಿಕರ ಪೂಜೆ ಹಿಂದೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದಿತು. ಪಾದ್ರಿಗಳ ಪ್ರಬೋಧನೆ ಮಾತ್ರ ಜನರ ನುಡಿಯಲ್ಲಿ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಆಯಾ ನಾಡಿನ ಭಾಷೆಗೆ ಪೂಜೆಯಲ್ಲಿ ಸ್ಥಾನ ದೊರೆಯಿತು. 1969ರಲ್ಲಿ ಹೊಸ ಪಾಠಕ್ರಮವೊಂದು ಜಾರಿಗೆ ಬಂದಿತು. ಅದರಂತೆ ಭಾನುವಾರಗಳಲ್ಲಿ ಒಂದು ವರ್ಷ ಮತ್ತಾಯನ ಶುಭಸಂದೇಶ, ಮರುವರ್ಷ ಮಾರ್ಕನದು, ಮೂರನೆಯ ವರ್ಷ ಲೂಕನದು. ಯೊವಾನ್ನನದು ಪಾಸ್ಕವೇ ಮೊದಲಾದ ಪರ್ವಕಾಲಗಳಿಗೆ. ಮೂರು ವರ್ಷಕ್ಕೊಮ್ಮೆ ಚಕ್ರ ಸುತ್ತಿ ಮೊದಲಿಗೆ ಬರುತ್ತದೆ. ಯಾವ ಭಾನುವಾರ ಯಾವ ಭಾಗವೆಂಬುದು ಮೊದಲೇ ಗೊತ್ತಾಗಿರುವುದರಿಂದ ರೋಮಿನಲ್ಲಿ ಓದಿದ್ದನ್ನೇ ಚಿಕ್ಕಮಗಳೂರಿನಲ್ಲಿಯೂ ಓದುತ್ತಾರೆ. ಕೇಳುವವನ ಇಷ್ಟಾನಿಷ್ಟಕ್ಕೆ ಅಲ್ಲಿ ಎಡೆಯಿಲ್ಲ. ನಮ್ಮಲ್ಲಿ ನಮಗೆ ಬೇಕಾದ ವಚನವನ್ನು ಬೇಕಾದಾಗ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಅದು ದೊಡ್ಡ ಸ್ವಾತಂತ್ರ್ಯ. ಆದರೆ ನಮ್ಮನ್ನು ಚುಚ್ಚುವ ವಚನವನ್ನು ಎಂದೂ ಆರಿಸಿಕೊಳ್ಳದೆ ಇರುವುದಕ್ಕೂ ಅದು ಅನುಕೂಲವಾಗಿದೆಯೆಂಬುದು ನನಗೆ ಆಗ ಹೊಳೆಯಿತು.

ಒಮ್ಮೆ ಅವರ ಮಗಳ ಪ್ರಥಮ ಪರಮಪ್ರಸಾದದ ಸಮಾರಂಭಕ್ಕೆ ನಾನೂ ಹೋಗಿದ್ದೆನು. ಶುಭಸಂದೇಶದ ಓದು ಬಂದೊಡನೆ ಎಲ್ಲರೂ ಎದ್ದುನಿಂತರು. ಮುದುಕಿಯರು ಮಕ್ಕಳಾದಿಯಾಗಿ ಪ್ರತಿಯೊಬ್ಬರೂ ಹೆಬ್ಬೆರಳಿನಿಂದ ಹಣೆಯ ಮೇಲೊಂದು, ತುಟಿಯ ಮೇಲೊಂದು, ಎದೆಯ ಮೇಲೊಂದು ಹೀಗೆ ಮೂರು ಸಣ್ಣ ಶಿಲುಬೆಗಳನ್ನು ಗುರುತಿಸಿಕೊಂಡರು. ಕೇಳುವ ಮಾತು ಬುದ್ಧಿಯಲ್ಲಿರಲಿ, ನುಡಿಯಲ್ಲಿರಲಿ, ಹೃದಯದಲ್ಲಿರಲಿ ಎಂಬುದು ಅದರ ಭಾವವಂತೆ. ನಾನು ಮೈಮೇಲೆ ಧರಿಸುವ ವಿಭೂತಿಯ ನೆನಪಾಗಿ ನನ್ನ ಕೈ ತಾನಾಗಿಯೇ ಹಣೆಯನ್ನು ಮುಟ್ಟಿತು.

ಮಿತ್ರರ ವಿಶೇಷವೆಂದರೆ ಕೇಳಿದ ಕಥೆಯಲ್ಲಿ ತಾನು ಯಾರು ಎಂದು ಪ್ರತಿ ಸಲವೂ ಕೇಳಿಕೊಳ್ಳುವುದು. ಒಂದು ಸೋಮವಾರ ಅವರು ಸಮಾರಿಯದವನ ಕಥೆ ಹೇಳಿದರು. ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ದಾರಿಯಲ್ಲಿ ಬಿದ್ದವನನ್ನು ಪೂಜಾರಿಯೊಬ್ಬ ನೋಡಿಯೂ ನೋಡದೆ ಹೋಗುತ್ತಾನೆ, ಲೇವಿಯನೊಬ್ಬನೂ ಹೋಗುತ್ತಾನೆ. ಯೆಹೂದ್ಯರು ಕೀಳೆಂದು ದೂರವಿರಿಸಿದ್ದ ಸಮಾರಿಯದವನು ನಿಂತು, ಗಾಯ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಹೋಗಿ ಒಂದು ಛತ್ರಕ್ಕೆ ಸೇರಿಸುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು ಹೇಳಿ ತನ್ನ ದಾರಿ ಹಿಡಿಯುತ್ತಾನೆ. ‘ಬಹಳ ವರ್ಷ ನಾನೇ ಆ ಸಮಾರಿಯದವನು ಎಂದುಕೊಂಡಿದ್ದೆ ಸಾರ್. ಆಮೇಲೆ, ಅಲ್ಲ, ನಾನು ನೋಡಿಯೂ ಹೋದವನು ಎಂದುಕೊಂಡೆ. ಈ ಸಲ ಕೇಳುವಾಗ ಛತ್ರದವನು ಕಣ್ಣಿಗೆ ಬಿದ್ದ. ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಯಾರೋ ಎತ್ತಿ ತಂದವನನ್ನು ವಾಸಿಯಾಗುವ ತನಕ ನೋಡಿಕೊಳ್ಳಬೇಕಾದವನು ಅವನು. ಕೈಗೆ ಬಂದದ್ದು ಎರಡೇ ನಾಣ್ಯ, ಉಳಿದದ್ದು ನಂಬಿಕೆ. ಮೇಷ್ಟರ ಕೆಲಸವೂ ಅದೇ ಅಲ್ಲವೇ?’ ಎಂದರು.

ಅಂದು ನಾನು ಪಾಠದ ನಡುವೆ ಎರಡು ಸಲ ತಡವರಿಸಿದೆನು. ನನ್ನ ತಂದೆ ನನ್ನನ್ನು ಪ್ರಸಾದನಿಲಯಕ್ಕೆ ತಂದು ಬಿಟ್ಟ ದಿನ ನೆನಪಾಗಿದ್ದಿತು. ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಎರಡು ರೂಪಾಯಿ. ಉಳಿದುದನ್ನೆಲ್ಲ ಶ್ರೀಮಠವು ನಂಬಿಕೆಯ ಮೇಲೆ ನಡೆಸಿತು. ದಾಸೋಹವೆಂಬ ಪದವನ್ನು ಸಾವಿರ ಸಲ ಉಚ್ಚರಿಸಿದ್ದರೂ ಅಡುಗೆಯ ಒಲೆಯ ಮುಂದೆ ಬೆವರುತ್ತಿದ್ದ ಆ ಹೆಸರಿಲ್ಲದ ಜನರನ್ನು ನಾನು ಅದರೊಳಗೆ ಕಂಡಿರಲಿಲ್ಲ. ಬೇರೊಂದು ದೇಶದ, ಬೇರೊಂದು ಧರ್ಮದ ಛತ್ರದವನು ಬಂದು ತೋರಿಸಬೇಕಾಯಿತು.

ಇಂಥ ಕೊಳುಕೊಡುಗೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾದ ಮರುವರ್ಷ ಅದು. ಉತ್ತಂಗಿಯವರು ಮುಂದೆ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತೂ ಶ್ರಮಿಸಿದರು. 1949ರ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ರಿಸ್ತನ ಸೇವೆಗೆ ನಿಂತವರು ಶರಣರ ಮಾತಿಗಾಗಿ ಆಯುಷ್ಯ ಸವೆಸಿದರು. ಅದರಿಂದ ಅವರ ಕ್ರೈಸ್ತಶ್ರದ್ಧೆಯೇನೂ ಕುಂದಲಿಲ್ಲ. ನಾನು ಮಿತ್ರರಿಗೆ ಉತ್ತಂಗಿಯವರ ಸರ್ವಜ್ಞನನ್ನು ಓದಲು ಕೊಟ್ಟಿದ್ದೆನು. ಪುಸ್ತಕವನ್ನು ಹಿಂದಿರುಗಿಸುವಾಗ ನಾನು ಉಪಚಾರಕ್ಕೆಂದು, ‘ಕೊನೆಗೆ ಎಲ್ಲ ಧರ್ಮಗಳೂ ಹೇಳುವುದು ಒಂದೇ ಅಲ್ಲವೆ ಮೇಷ್ಟ್ರೇ?’ ಎಂದೆನು. ಅವರು ನಕ್ಕು, ‘ಹಾಗೆಂದುಬಿಟ್ಟರೆ ಎರಡನ್ನೂ ಓದದೆ ಇರಬಹುದು ಸಾರ್’ ಎಂದರು.

ಇನ್ನು ನನ್ನ ಸ್ವಂತದ ಮಾತು. ನನಗೊಬ್ಬ ತಮ್ಮನಿದ್ದಾನೆ. ತಂದೆಯವರು ತೀರಿಕೊಂಡ ಮೇಲೆ ಅಡಿಕೆತೋಟ ಎರಡು ಪಾಲಾಯಿತು. ಹಳ್ಳದಿಂದ ಬರುವ ನೀರಿನ ಕಾಲುವೆ ಮೊದಲು ಅವನ ಪಾಲನ್ನು ಹಾದು ಬಳಿಕ ನನ್ನದಕ್ಕೆ ಬರುತ್ತದೆ. ಬೇಸಗೆಯಲ್ಲಿ ಅವನು ಸರದಿ ಮೀರಿ ಕಟ್ಟೆ ಹಾಕುತ್ತಿದ್ದನೆಂಬುದು ನನ್ನ ದೂರು. ಮೇಲಿನ ತೋಟದ ಮರಗಳು ಹಸಿರಾಗಿದ್ದು ನನ್ನ ಮರಗಳ ಗರಿ ಹಳದಿಗೆ ತಿರುಗುವುದನ್ನು ಕಂಡು ನನ್ನ ಹೊಟ್ಟೆ ಉರಿಯುತ್ತಿದ್ದಿತು. ಮಾತಿಗೆ ಮಾತು ಬೆಳೆದು ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 1978ರಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಒಂದೇ ಬೀದಿಯಲ್ಲಿ ಎದುರಾದರೆ ಅವನು ಆ ಮಗ್ಗುಲು, ನಾನು ಈ ಮಗ್ಗುಲು. ವಿಚಾರಣೆಯ ದಿನ ನಾನು ಬೆಳಿಗ್ಗೆ ಲಿಂಗಪೂಜೆ ಮುಗಿಸಿಯೇ ಬಸ್ಸು ಹತ್ತುತ್ತಿದ್ದೆನು. ತಮ್ಮನ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತುವಾಗಲೂ ನನ್ನ ಎದೆಯ ಮೇಲೆ ಇಷ್ಟಲಿಂಗವಿದ್ದಿತು. ಅವನ ಎದೆಯ ಮೇಲೂ ಇದ್ದಿತು.

1987ರ ಫೆಬ್ರವರಿ ನಡುಭಾಗ. ಶಿವರಾತ್ರಿಗೆ ಹತ್ತು ಹನ್ನೊಂದು ದಿನಗಳಿದ್ದುವು. ಆ ವರ್ಷ ಅವರಲ್ಲಿ ಮತ್ತಾಯನ ಓದು ನಡೆದಿದ್ದಿತು. ಸೋಮವಾರ ಎಂದಿನಂತೆ ಕೇಳಿದಾಗ ಮಿತ್ರರು ಬೆಟ್ಟದ ಮೇಲಿನ ಬೋಧನೆಯ ಒಂದು ಭಾಗವನ್ನು ಹೇಳಿದರು. ಅದರ ಸಾರ ಇಷ್ಟು: ನೀನು ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಿರುವೆ, ಆಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆಯೆಂಬುದು ನೆನಪಿಗೆ ಬರುತ್ತದೆ. ಹಾಗಾದರೆ ಕಾಣಿಕೆಯನ್ನು ಅಲ್ಲಿಯೇ ಬಿಡು; ಮೊದಲು ಹೋಗಿ ಅವನೊಡನೆ ಸಮಾಧಾನ ಮಾಡಿಕೋ; ಅನಂತರ ಬಂದು ಅರ್ಪಿಸು.

ನನಗೆ ಎದೆಯಲ್ಲಿ ಏನೋ ಚಳುಕು ಹೊಡೆದಂತಾಯಿತು. ಅದನ್ನು ಮುಚ್ಚಿಕೊಳ್ಳಲು ತರ್ಕಕ್ಕೆ ಇಳಿದೆನು. ‘ತಪ್ಪು ಮಾಡಿದವನು ಆ ಸಹೋದರನೇ ಆಗಿದ್ದರೆ?’

‘ಅದನ್ನು ಅಲ್ಲಿ ಕೇಳಿಲ್ಲ ಸಾರ್.’

‘ಕೇಳದಿದ್ದರೆ ನ್ಯಾಯ ಹೇಗಾಗುತ್ತದೆ? ನನಗೆ ಅವನ ಮೇಲೆ ಮನಸ್ತಾಪವಿದ್ದರೆ ಎಂದು ಹೇಳಬೇಕಾಗಿತ್ತು.’

‘ಅಲ್ಲ ಸಾರ್. ಅವನಿಗೆ ನನ್ನ ಮೇಲೆ ಇದ್ದರೆ ಎಂದೇ ಇದೆ. ನಾನೂ ನಿನ್ನೆ ಅಲ್ಲಿಯೇ ಸಿಕ್ಕಿಕೊಂಡೆ’ ಎಂದು ಹೇಳಿ ಅವರು ನೆಲ ನೋಡುತ್ತ ನಿಂತರು. ಗಂಟೆಯಾಯಿತು.

ಅವರು ಸಿಕ್ಕಿಕೊಂಡುದು ಎಲ್ಲಿಯೆಂಬುದು ನನಗೆ ಮರುದಿನ ತಿಳಿಯಿತು. ನಾಲ್ಕು ತಿಂಗಳ ಹಿಂದೆ ಅವರ ತರಗತಿಯಲ್ಲಿ ಪರೀಕ್ಷಾಶುಲ್ಕದ ಹಣ ಕಾಣೆಯಾಗಿದ್ದಿತು. ಕಾಫಿತೋಟದ ಕೂಲಿಲೈನಿನಿಂದ ಬರುತ್ತಿದ್ದ ಒಬ್ಬ ಹುಡುಗನನ್ನು ಅನುಮಾನಿಸಿ, ಎಲ್ಲರ ಮುಂದೆ ಅವನ ಚೀಲವನ್ನು ಇವರೇ ಸುರುವಿ ನೋಡಿದ್ದರು. ಹಣ ಅಲ್ಲಿರಲಿಲ್ಲ. ವಾರದ ಮೇಲೆ ಅದು ಹಾಜರಿಪುಸ್ತಕದ ರಟ್ಟಿನೊಳಗೇ ಸಿಕ್ಕಿತು. ಸಿಕ್ಕಿತೆಂದು ಇವರು ನಿಟ್ಟುಸಿರು ಬಿಟ್ಟರೇ ಹೊರತು ಹುಡುಗನಿಗೆ ಏನನ್ನೂ ಹೇಳಿರಲಿಲ್ಲ. ಹುಡುಗ ಅಂದಿನಿಂದ ಹಿಂದಿನ ಬೆಂಚಿಗೆ ಹೋದವನು ಗಣಿತದ ಲೆಕ್ಕಕ್ಕೆ ಕೈಯೆತ್ತುವುದನ್ನೇ ಬಿಟ್ಟಿದ್ದ. ಮಂಗಳವಾರ ಬೆಳಿಗ್ಗೆ ಮಿತ್ರರು ಆ ತರಗತಿಗೆ ಹೋಗಿ, ಹುಡುಗನನ್ನು ಮುಂದೆ ಕರೆದು, ಎಲ್ಲರೂ ಕೇಳುವಂತೆ, ‘ಅಂದು ನಾನು ತಪ್ಪು ಮಾಡಿದೆ. ನಿನ್ನ ಚೀಲ ಸುರುವಿದ್ದು ನಿಮ್ಮೆಲ್ಲರ ಮುಂದೆ. ಆದ್ದರಿಂದ ಎಲ್ಲರ ಮುಂದೆಯೇ ಕ್ಷಮೆ ಕೇಳುತ್ತೇನೆ’ ಎಂದು ಕೈಮುಗಿದರಂತೆ. ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದ ನನಗೆ ಆ ಅಕಾಲದ ನಿಶ್ಶಬ್ದ ಕೇಳಿಸಿದ್ದಿತು. ಮಧ್ಯಾಹ್ನ ಉಪಾಧ್ಯಾಯರ ಕೊಠಡಿಯಲ್ಲಿ ಒಬ್ಬಿಬ್ಬರು, ‘ಮೇಷ್ಟರಾದವರು ಮಕ್ಕಳ ಮುಂದೆ ಹೀಗೆ ಕೈಮುಗಿದರೆ ಶಿಸ್ತು ಉಳಿಯುತ್ತದೆಯೇ?’ ಎಂದು ಗೊಣಗಿದರು. ಅವರು ಉತ್ತರ ಹೇಳದೆ ಬುತ್ತಿಯನ್ನು ಬಿಚ್ಚಿದರು.

ಆ ವಾರ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಅವನಿಗೆ ನನ್ನ ಮೇಲೆ ಏನಿದೆ ಎಂಬ ಪ್ರಶ್ನೆಯನ್ನು ಒಂಬತ್ತು ವರ್ಷಗಳಲ್ಲಿ ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಅವನು ಕದ್ದ ನೀರಿನ ಒಂದೊಂದು ಸರದಿಯೂ ದಾಖಲಾಗಿದ್ದಿತು. ಅವನ ಪುಸ್ತಕವನ್ನು ನಾನು ತೆರೆದು ನೋಡಿರಲಿಲ್ಲ. ಈಗ ತೆರೆದೆನು. ನಮ್ಮ ತಾಯಿಯವರು ಲಿಂಗೈಕ್ಯರಾದಾಗ ಶಿವಗಣಾರಾಧನೆಯ ಖರ್ಚನ್ನು ಅವನೇ ಹೊತ್ತಿದ್ದನು. ಪ್ರಸಾದ ಮುಗಿದು ಬಂಧುಬಳಗದವರು ಇನ್ನೂ ಚಪ್ಪರದಡಿಯಲ್ಲಿ ಕುಳಿತಿರುವಾಗಲೇ ನಾನು, ಓದಿದವನೆಂಬ ಅಹಂಕಾರದಿಂದ, ಅಕ್ಕಿ ಬೆಲ್ಲದ ಲೆಕ್ಕ ಕೇಳಿದ್ದೆನು. ‘ಅವ್ವನ ಒಡವೆ ಮಾರಿದ ಹಣ ಎಷ್ಟು ಉಳಿಯಿತು?’ ಎಂದಿದ್ದೆನು. ಒಡವೆಯನ್ನು ತಾಯಿಯವರ ಔಷಧಕ್ಕೆಂದು ಅವನು ಮಾರಿದ್ದುದು ನನಗೆ ಗೊತ್ತಿದ್ದಿತು. ಹೊರ ಊರಿನಲ್ಲಿ ಕೆಲಸದಲ್ಲಿದ್ದ ನಾನು ಆಕೆಯ ಕೊನೆಯ ಎರಡು ವರ್ಷ ಹಬ್ಬಕ್ಕೆ ಬಂದು ಹೋಗುವ ನೆಂಟನಾಗಿದ್ದೆನು. ಅಂದು ಅವನು ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋದನು. ಕಾಲುವೆಗೆ ಕಟ್ಟೆ ಬಿದ್ದುದು ಅದರ ಮುಂದಿನ ಬೇಸಗೆಯಲ್ಲಿ.

ನೀರಿನ ವ್ಯಾಜ್ಯ ನೀರಿನದಾಗಿರಲೇ ಇಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕುಳಿತೆನು. ಸೋಮವಾರವೆಂದರೆ ನಮಗೆ ಶಿವನ ವಾರ. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡದ ಅಂಗೈಯ ಮೇಲೆ ಇರಿಸಿಕೊಂಡೆನು. ದೃಷ್ಟಿ ನಿಲ್ಲಲಿಲ್ಲ. ಅಂಗೈ ಸಣ್ಣಗೆ ನಡುಗುತ್ತಿದ್ದಿತು. ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು ಎಂಬ ಮಾತು ಕಿವಿಯಲ್ಲಿ ಕುಳಿತಿದ್ದಿತು. ಬಲಿಪೀಠವಿರುವವನು ಅದರ ಮುಂದೆ ಕಾಣಿಕೆಯನ್ನಿಟ್ಟು ಹೋಗಬಹುದು. ಅಂಗದ ಮೇಲೆ ಲಿಂಗವನ್ನು ಧರಿಸಿದವನು ಎಲ್ಲಿ ಬಿಟ್ಟುಹೋಗಬೇಕು? ಅವನಿಗೆ ಬಿಡುವ ಸ್ಥಳವೇ ಇಲ್ಲ. ಅವನು ಹೋದಲ್ಲೆಲ್ಲ ದೇವರೂ ಬರುತ್ತಾನೆ. ನ್ಯಾಯಾಲಯಕ್ಕೂ ಬಂದಿದ್ದಾನೆ, ಚಪ್ಪರದಡಿಯ ಆ ಮಾತಿಗೂ ಸಾಕ್ಷಿಯಾಗಿದ್ದಾನೆ. ಮತ್ತಾಯನ ಮಾತಿಗಿಂತ ನನ್ನ ಧರ್ಮ ನನ್ನನ್ನು ಹೆಚ್ಚು ಬಿಗಿಯಾಗಿ ಹಿಡಿದಿದೆಯೆಂಬುದು ಆ ಕ್ಷಣದಲ್ಲಿ ತಿಳಿಯಿತು. ಲಿಂಗವನ್ನು ಮರಳಿ ಕರಡಿಗೆಯಲ್ಲಿರಿಸಿ, ಪೂಜೆಯನ್ನು ಮಾಡದೆ, ಎದ್ದೆನು. ಮನೆಯವರು ಗಾಬರಿಯಿಂದ ನೋಡಿದರು. ‘ಬಂದೆ’ ಎಂದಷ್ಟೇ ಹೇಳಿ ಹೊರಟೆನು.

ತಮ್ಮನ ಮನೆ ನೂರು ಹೆಜ್ಜೆ. ಅದು ನಾವು ಹುಟ್ಟಿದ ಮನೆ. ಅವನು ಜಗಲಿಯ ಮೇಲೆ ಕುಳಿತು ಚಾಲಿ ಅಡಿಕೆಯ ಸಿಪ್ಪೆ ಬಿಡಿಸುತ್ತಿದ್ದನು. ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದನು. ದಾರಿಯಲ್ಲಿ ನಾನು ಸಿದ್ಧಪಡಿಸಿಕೊಂಡಿದ್ದ ವಾಕ್ಯಗಳು ಒಂದೂ ನಾಲಿಗೆಗೆ ಬರಲಿಲ್ಲ. ‘ಅಂದು ಅವ್ವನ ಆರಾಧನೆಯ ದಿನ ನಾನು ಲೆಕ್ಕ ಕೇಳಬಾರದಾಗಿತ್ತು’ ಎಂದೆನು. ಅವನ ಕೈ ನಿಂತಿತು. ಬಹಳ ಹೊತ್ತು ಮಾತಾಡಲಿಲ್ಲ. ನಾದಿನಿ ಒಳಗಿನಿಂದ ಕಾಫಿ ತಂದಿಟ್ಟಳು. ಲೋಟ ಆರುತ್ತಿದ್ದುದನ್ನು ನೋಡಿ ಅವನೇ ಮೊದಲು ಬಾಯಿಬಿಟ್ಟನು. ‘ಕಾಫಿ ಕುಡಿಯದಷ್ಟು ದೂರವಾದೆವಾ?’

‘ಹಾಗಲ್ಲ. ಇನ್ನೂ ಪೂಜೆಯಾಗಿಲ್ಲ.’

ಪೂಜೆಯಾಗದೆ ನಾನು ಹನಿ ನೀರನ್ನೂ ಮುಟ್ಟದವನೆಂಬುದು ಅವನಿಗೆ ಗೊತ್ತು. ಆ ನಿಯಮ ನಮ್ಮಿಬ್ಬರಿಗೂ ತಂದೆಯಿಂದ ಬಂದದ್ದು. ಪೂಜೆ ಬಿಟ್ಟು ಎದ್ದುಬಂದಿರುವನೆಂಬುದು ಅವನಿಗೆ ಅರ್ಥವಾಯಿತೆಂದು ತೋರುತ್ತದೆ. ಕೆಲಹೊತ್ತಿನ ಮೇಲೆ, ‘ಇಲ್ಲೇ ಮಾಡು. ಅಪ್ಪನ ಮಣೆ ಇದೆ’ ಎಂದನು. ತಾನೇ ಹೋಗಿ ಬಾವಿಯಿಂದ ಮಡಿನೀರು ಸೇದಿ ತಂದನು. ವಿಭೂತಿಗಟ್ಟಿ ತಂದಿಟ್ಟನು. ಹಿತ್ತಲಿನ ಬಿಲ್ವದ ಮರದಿಂದ ನಾಲ್ಕು ದಳ ಕಿತ್ತು ತಂದನು. ನಮ್ಮ ತಂದೆ ಕುಳಿತು ಪೂಜಿಸುತ್ತಿದ್ದ ಸ್ಥಳದಲ್ಲಿ ಅಂದು ನಾನು ಕುಳಿತೆನು. ಬಾಗಿಲ ಬಳಿ ಅವನು ನಿಂತಿದ್ದನು. ಐವತ್ತು ವರ್ಷಗಳಿಗೂ ಮೀರಿ ಪೂಜೆ ಮಾಡಿಕೊಂಡು ಬಂದಿರುವ ನಾನು ಪೂಜೆಯಾಯಿತೆಂದು ನಿಜವಾಗಿ ಹೇಳಬಹುದಾದ ದಿನಗಳು ಕೆಲವೇ. ಅವುಗಳಲ್ಲಿ ಅದು ಒಂದು.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಕಾಲುವೆಯ ವಿಷಯದಲ್ಲಿ ನಾಲ್ಕು ವರ್ಷ ಚೌಕಾಸಿ ನಡೆಯಿತು. ಒಮ್ಮೆ ಅವನೂ ಒಮ್ಮೆ ನಾನೂ ಮುನಿಸಿಕೊಂಡೆವು. 1991ರಲ್ಲಿ ಇಬ್ಬರೂ ಸೇರಿ ವ್ಯಾಜ್ಯವನ್ನು ಹಿಂದೆಗೆದುಕೊಂಡು ಎರಡು ತೋಟಗಳ ಅಂಚಿನಲ್ಲಿ ಹೊಸ ಕಾಲುವೆ ತೋಡಿಸಿದೆವು. ನನ್ನ ಪಾಲಿನ ಹದಿನಾಲ್ಕು ಮರ ಅದಕ್ಕೆ ಹೋಯಿತು. ಮರ ಕಡಿಯುವಾಗ ಹೊಟ್ಟೆ ಉರಿಯಿತೆಂಬುದನ್ನೂ ಮರೆಮಾಚುವುದಿಲ್ಲ. ಆದರೆ ಮಾತು ಮಾತ್ರ ಮತ್ತೆ ನಿಲ್ಲಲಿಲ್ಲ.

ಈ ಸಂಗತಿಯನ್ನು ಮಿತ್ರರಿಗೆ ಬಹುದಿನಗಳ ಮೇಲೆ ಹೇಳಿದೆನು. ನನ್ನ ಮನೆಯ ವ್ಯಾಜ್ಯ ಊರಿಗೆಲ್ಲ ಗೊತ್ತಿದ್ದುದರಿಂದ ಅವರು ನನ್ನನ್ನು ಉದ್ದೇಶಿಸಿಯೇ ಆ ಭಾಗವನ್ನು ಹೇಳಿದರೋ ಎಂಬ ಸಂಶಯ ನನ್ನಲ್ಲಿ ಉಳಿದಿದ್ದಿತು. ಅವರು ತಲೆಯಲ್ಲಾಡಿಸಿದರು. ‘ನಿಮ್ಮ ವಿಷಯ ನನಗೆ ಗೊತ್ತಿತ್ತು ಸಾರ್. ಆದರೆ ಅಂದು ನನ್ನ ತಲೆಯಲ್ಲಿದ್ದದ್ದು ಆ ಹುಡುಗ ಒಬ್ಬನೇ. ನಿಮಗೆಂದು ಹೇಳಲು ಹೋಗಿದ್ದರೆ ಅದು ನಿಮಗೂ ತಟ್ಟುತ್ತಿರಲಿಲ್ಲ, ನನಗೂ ತಪ್ಪಿಹೋಗುತ್ತಿತ್ತು’ ಎಂದರು.

ಸಹೃದಯರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಧರ್ಮಗ್ರಂಥದ ಮಾತನ್ನು ಇನ್ನೊಬ್ಬರನ್ನು ಅಳೆಯುವ ಕೋಲನ್ನಾಗಿ ಮಾಡಿಕೊಳ್ಳುವುದು ಬಹು ಸುಲಭ. ವಚನಗಳನ್ನು ಬಲ್ಲ ನಮ್ಮಂಥವರಿಗಂತೂ ಅದು ಚಟವೇ ಆಗಿಬಿಡುತ್ತದೆ. ಆಡಂಬರದ ಭಕ್ತಿಯನ್ನು ಶರಣರು ಖಂಡಿಸಿರುವುದನ್ನು ಓದುವಾಗ ನೆರೆಮನೆಯವನ ಆಡಂಬರ ನೆನಪಾಗುತ್ತದೆ. ನುಡಿಗೂ ನಡೆಗೂ ಹೊಂದಿಕೆಯಿರಬೇಕೆಂಬುದನ್ನು ಹೇಳುವಾಗ ಎದುರುಪಕ್ಷದವನ ಮುಖ ಕಣ್ಣಮುಂದೆ ಬರುತ್ತದೆ. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯನವರು ಅಂದಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಾದುದನ್ನು ಹಿಂದಕ್ಕೆ ಸುರಿದುಬರಲು ಆ ತಾಯಿ ಹೇಳಿದಳು. ಗಮನಿಸಬೇಕಾದುದೇನೆಂದರೆ, ಅವಳು ತೂಗಿದ್ದು ತನ್ನ ಮನೆಗೆ ಬಂದ ಅಕ್ಕಿಯನ್ನು, ಊರವರ ಕಣಜವನ್ನಲ್ಲ. ನನ್ನ ಮಿತ್ರರು ಮಾಡುತ್ತಿದ್ದುದೂ ಇದೇ. ಭಾನುವಾರ ಕೇಳಿದ್ದನ್ನು ಸೋಮವಾರ ತಮ್ಮ ಮನೆಯ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು; ಮಂಗಳವಾರ ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುತ್ತಿದ್ದರು.

ಮಿತ್ರರು ಈಗಿಲ್ಲ. ಅವರ ಅಂತ್ಯಕ್ರಿಯೆಯ ಪೂಜೆಗೆ ನಾನು ಹೋಗಿದ್ದೆನು; ನನ್ನ ಜತೆಯಲ್ಲಿ ತಮ್ಮನೂ ಬಂದಿದ್ದನು. ಶುಭಸಂದೇಶದ ಓದು ಬಂದಾಗ ಎಲ್ಲರೊಡನೆ ನಾವಿಬ್ಬರೂ ವಿಭೂತಿಯ ಹಣೆಯಲ್ಲಿ ಎದ್ದುನಿಂತೆವು. ಹಿಂದಿನ ಸಾಲಿನಲ್ಲಿ ನಡುವಯಸ್ಸಿನವನೊಬ್ಬ ಅಳುತ್ತ ನಿಂತಿದ್ದನು. ಅಂದು ಚೀಲ ಸುರುವಿಸಿಕೊಂಡ ಹುಡುಗನೇ ಆತನೆಂದು ಹೊರಗೆ ಬಂದಮೇಲೆ ತಿಳಿಯಿತು. ಅವನೂ ಈಗ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನಂತೆ.

ಸೋಮವಾರ ಈಗಲೂ ಬರುತ್ತದೆ. ‘ನಿನ್ನೆ ಏನು ಓದಿದರು?’ ಎಂದು ಕೇಳಲು ಹೊಂಗೆಯ ಮರದ ಕೆಳಗೆ ಯಾರೂ ಇಲ್ಲ. ಆದ್ದರಿಂದ ನಾನೇ ಒಂದು ವಿಧಾನ ಮಾಡಿಕೊಂಡಿದ್ದೇನೆ. ವಚನಗಳ ಪುಸ್ತಕವನ್ನು ಮೊದಲಿನಿಂದ ಕ್ರಮವಾಗಿ, ಆರಿಸದೆ, ಸೋಮವಾರಕ್ಕೊಂದರಂತೆ ಓದುತ್ತೇನೆ. ಹಿಡಿಸದಿದ್ದರೂ ಮುಂದಿನದಕ್ಕೆ ಜಿಗಿಯುವುದಿಲ್ಲ. ಇದರಲ್ಲಿ ನಾನು ಯಾರು, ಯಾರಿಗೆ ನನ್ನ ಮೇಲೆ ಏನಿದೆ ಎಂದು ಕೇಳಿಕೊಂಡು ಬಳಿಕ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುತ್ತೇನೆ. ಕೆಲವು ಸೋಮವಾರ ಪೂಜೆ ತಡವಾಗುತ್ತದೆ. ಒಂದೆರಡು ಸಲ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬರಬೇಕಾಗಿಯೂ ಬಂದಿದೆ. ಪ್ರಸಾದನಿಲಯದಲ್ಲಿ ನನ್ನೊಡನೆ ಸಾಲಿನಲ್ಲಿ ಕುಳಿತು ವಚನ ಹೇಳಿದ ಗೆಳೆಯರಲ್ಲಿ ಅನೇಕರು ಇಂದು ಮೊಮ್ಮಕ್ಕಳನ್ನು ಕಂಡಿದ್ದಾರೆ. ನಮ್ಮೆಲ್ಲರ ಬಾಯಲ್ಲಿ ಇನ್ನೂ ಆ ನೂರಾರು ವಚನಗಳಿವೆ. ಅವುಗಳಲ್ಲಿ ಒಂದಾದರೂ ನಮ್ಮನ್ನು ಪೂಜೆಯ ಮಣೆಯಿಂದ ಎಬ್ಬಿಸಿ ನೂರು ಹೆಜ್ಜೆ ನಡೆಸಲಿ ಎಂದು ಹಾರೈಸಿ, ಎಲ್ಲರಿಗೂ ಶರಣೆಂದು ವಿರಮಿಸುತ್ತೇನೆ.